ಬರೆಯೋದೂ ನಾನೇ, ನಟಿಸೋದೂ ನಾನೇ, ಎಡಿಟಿಂಗೂ ನಾನೇ. ಜಾಸ್ತಿ ಆಯ್ತಾ?

ಪ್ರಶ್ನೆ: ನನಗೆ 33 ವರ್ಷ. ಎಂಟು ವರ್ಷದಿಂದ ಸಣ್ಣ ಬಜೆಟ್ಟಿನ ಸ್ವತಂತ್ರ ಸಿನಿಮಾಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಸಹಾಯಕ ನಿರ್ದೇಶಕಿ, ಆಮೇಲೆ ಎಡಿಟರ್. ಈಗ ನನ್ನ ಮೊದಲ ಪೂರ್ಣ ಪ್ರಮಾಣದ ಚಿತ್ರಕ್ಕೆ ಕೈ ಹಾಕಿದ್ದೇನೆ. ಚಿತ್ರಕಥೆ ನನ್ನದು, ನಿರ್ದೇಶನ ನನ್ನದು, ಎಡಿಟಿಂಗ್ ಕೂಡ ನಾನೇ ಮಾಡುವ ಆಸೆ. ಅಕ್ಕನ ಪಾತ್ರ ನಾನೇ ಮಾಡುತ್ತೇನೆ, 22 ದಿನದ ಶೂಟಿಂಗಿನಲ್ಲಿ ಅದು 11 ದಿನ ಬರುತ್ತದೆ. ದುಡ್ಡಿಲ್ಲ ಅಂತ ಕಾಸ್ಟ್ಯೂಮ್ ಕೂಡ ಒಪ್ಪಿಕೊಂಡಿದ್ದೇನೆ. ನಿರ್ಮಾಪಕಿ ಹಳೆಯ ಗೆಳತಿ, ನಮ್ಮ ನಡುವೆ ಯಾವ ಕಾಗದವೂ ಆಗಿಲ್ಲ. ಸುತ್ತ ಇರುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಾ ಕಡೆ ನಿನ್ನ ಹೆಸರೇ ಬಂದರೆ ಚಿತ್ರೋತ್ಸವದವರು ಹವ್ಯಾಸಿ ಅಂದುಕೊಳ್ಳುತ್ತಾರೆ, ಎಡಿಟಿಂಗಿಗೆ ಬೇರೆ ಹೆಸರು ಇಟ್ಟುಕೋ ಅಂತ ಒಬ್ಬರು. ಹೆಸರು ಮಾಡಿದ ಕ್ಯಾಮೆರಾಮನ್ ಒಬ್ಬನನ್ನು ಹಾಕಿಕೋ, ಸೆಟ್ ಅವನು ಹಿಡಿತದಲ್ಲಿ ಇಡುತ್ತಾನೆ ಅಂತ ಇನ್ನೊಬ್ಬರು. ಎರಡು ವರ್ಷದ ಹಿಂದೆ ಒಂದು ಚಿತ್ರಕ್ಕೆ ನಾನು ಸಂಭಾಷಣೆ ಬರೆದು ಪೂರ್ತಿ ಎಡಿಟ್ ಮಾಡಿದ್ದೆ. ಪರದೆ ಮೇಲೆ ಬಂದದ್ದು "ಸಹಾಯ" ಅಂತ ಒಂದೇ ಸಾಲು. ಈ ಸಲ ಯಾವ ಕೆಲಸ ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಉತ್ತರ: ನಿಮ್ಮ ಪತ್ರ ಮೂರು ಸಲ ಓದಿದೆ. ಪ್ರಶ್ನೆ ಒಂದೇ ಅಂತ ಬರೆದಿದ್ದೀರಿ, ನನಗೆ ಮೂರು ಕಾಣಿಸಿದವು. ಇಷ್ಟು ಕೆಲಸ ಒಬ್ಬಳ ಕೈಯಲ್ಲಿ ಆಗುತ್ತಾ ಅನ್ನೋದು ಒಂದು. ಆದರೂ ಜನ ಒಪ್ಪುತ್ತಾರಾ ಅನ್ನೋದು ಎರಡನೆಯದು. ಮೂರನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಪತ್ರದ ತುಂಬಾ ಅದೇ ಇದೆ: ಹಿಂದಿನ ಸಲದ ಹಾಗೆ ಈ ಸಲವೂ ಆಗಿಬಿಟ್ಟರೆ? ಮೂರಕ್ಕೂ ಉತ್ತರ ಬೇರೆ ಬೇರೆ. ಒಟ್ಟಿಗೆ ಕಲಸಿಕೊಂಡಿರುವುದಕ್ಕೇ ನಿಮಗೆ ದಿಕ್ಕು ತೋಚದ ಹಾಗಾಗಿದೆ.

ನಾನು ಎಡಿಟಿಂಗ್ ಟೇಬಲ್ಲಿನಿಂದ ಶುರು ಮಾಡಿದವಳು. ಆಮೇಲೆ ಲೈನ್ ಪ್ರೊಡ್ಯೂಸರ್ ಆಗಿ ಸಣ್ಣ ಚಿತ್ರಗಳ ಶೆಡ್ಯೂಲ್, ಬಜೆಟ್ ನೋಡಿಕೊಂಡೆ. ಮೂರು ನಾಲ್ಕು ಕೆಲಸ ಒಟ್ಟಿಗೆ ಹೊತ್ತುಕೊಂಡ ನಿರ್ದೇಶಕಿಯರನ್ನು ಹತ್ತಿರದಿಂದ ನೋಡಿದ್ದೇನೆ. ಕೆಲವರು ಚೆನ್ನಾಗಿ ದಡ ಸೇರಿದರು. ಕೆಲವರು ಹದಿನೈದನೇ ದಿನಕ್ಕೆ ಮಾತಾಡುವ ಶಕ್ತಿಯೂ ಇಲ್ಲದೆ ಕೂತುಬಿಟ್ಟರು. ಎಷ್ಟು ಕೆಲಸ ಹೊತ್ತಿದ್ದರು ಅನ್ನೋದರ ಮೇಲೆ ಅದು ನಿಂತಿರಲಿಲ್ಲ. ಯಾವ ಯಾವ ಕೆಲಸ ಜೊತೆ ಹಾಕಿಕೊಂಡಿದ್ದರು, ಅದರಲ್ಲಿ ಎಷ್ಟು ಲೆಕ್ಕಕ್ಕೆ ಬಂದಿತ್ತು, ಅದರ ಮೇಲೆ ನಿಂತಿತ್ತು.

ಮೊದಲು ಹವ್ಯಾಸಿ ಅನ್ನುವ ಮಾತು ಮುಗಿಸಿಬಿಡೋಣ. ಅದು ಸುಳ್ಳು. ಸಿನಿಮಾ ಹುಟ್ಟಿದ ಕಾಲದಿಂದಲೂ ಹೆಂಗಸರು ಹೀಗೇ ಕೆಲಸ ಮಾಡಿದ್ದಾರೆ. ಆಲಿಸ್ ಗೀ ಫ್ರಾನ್ಸಿನ ಗೋಮೋ ಕಂಪನಿಯಲ್ಲಿ ಸೆಕ್ರೆಟರಿ ಆಗಿದ್ದವರು, 1896ರಲ್ಲೇ ಕಥೆ ಇರುವ ಚಿತ್ರ ಮಾಡಿದರು, 1910ರಲ್ಲಿ ಅಮೆರಿಕದಲ್ಲಿ ಸೋಲ್ಯಾಕ್ಸ್ ಅನ್ನುವ ಸ್ವಂತ ಕಂಪನಿ ಶುರು ಮಾಡಿ ಬರವಣಿಗೆ, ನಿರ್ದೇಶನ, ನಿರ್ಮಾಣ ಎಲ್ಲಾ ನಡೆಸಿದರು. ಮಾಯಾ ಡೆರೆನ್ 1943ರಲ್ಲಿ ಗಂಡನ ಜೊತೆ ಸೇರಿ ತಮ್ಮ ಮನೆಯಲ್ಲೇ 16 ಎಂಎಂ ಕ್ಯಾಮೆರಾದಲ್ಲಿ ತೆಗೆದ ಪುಟ್ಟ ಚಿತ್ರದಲ್ಲಿ ಕಲ್ಪನೆಯೂ ಅವರದು, ಮುಖವೂ ಅವರದು. ಅದನ್ನು ಇವತ್ತಿಗೂ ಸಿನಿಮಾ ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಬಾರ್ಬರಾ ಲೋಡನ್ 1970ರಲ್ಲಿ ತಾನೇ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರ ಮಾಡಿದ 'ವಾಂಡಾ' ಬೆರಳೆಣಿಕೆಯ ತಂಡದಲ್ಲಿ ಮುಗಿದ ಚಿತ್ರ. ಅದಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಕ್ಲೋಯಿ ಝಾವೋ 'ನೋಮ್ಯಾಡ್‌ಲ್ಯಾಂಡ್' ಚಿತ್ರಕ್ಕೆ ನಿರ್ದೇಶನ, ಚಿತ್ರಕಥೆ, ಸಂಕಲನ, ನಿರ್ಮಾಣ, ಈ ನಾಲ್ಕಕ್ಕೂ 2021ರಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದರು. ಒಂದೇ ವರ್ಷ ನಾಲ್ಕು ನಾಮನಿರ್ದೇಶನ ಪಡೆದ ಮೊದಲ ಮಹಿಳೆ ಅವರು. ನಾಲ್ಕು ಕಡೆ ಹೆಸರು ಬಂತು ಅಂತ ಯಾರೂ ಅವರನ್ನು ಹವ್ಯಾಸಿ ಅನ್ನಲಿಲ್ಲ.

ಆದರೆ ಈ ಹೆಸರುಗಳನ್ನು ಸುಮ್ನೆ ಧೈರ್ಯಕ್ಕೆ ಅಂತ ಹೇಳುತ್ತಿಲ್ಲ. ಅವರು ಏನು ಮಾಡಿದರು ಅನ್ನೋದಕ್ಕಿಂತ ಏನು ಬೇರೆಯವರಿಗೆ ಬಿಟ್ಟರು ಅಂತ ನೋಡಿ, ನಿಮಗೆ ಬೇಕಾದ ಪಾಠ ಅಲ್ಲಿದೆ. ಲೋಡನ್ ನಟಿಸಿದರು, ಹಾಗಾಗಿ ಕ್ಯಾಮೆರಾ ಮತ್ತು ಎಡಿಟಿಂಗ್ ಎರಡನ್ನೂ ನಿಕೋಲಸ್ ಪ್ರೊಫೆರೆಸ್ ಅವರಿಗೆ ಕೊಟ್ಟರು. ಝಾವೋ ಎಡಿಟಿಂಗ್ ಇಟ್ಟುಕೊಂಡರು, ನಟಿಸಲಿಲ್ಲ, ಕ್ಯಾಮೆರಾ ಬೇರೆಯವರದು. ಫ್ರೆಂಚ್ ನಿರ್ದೇಶಕಿ ಆನ್ಯೇಸ್ ವಾರ್ದಾ 1955ರ ತಮ್ಮ ಮೊದಲ ಚಿತ್ರವನ್ನು ಬರೆದು, ನಿರ್ದೇಶಿಸಿ, ಅದಕ್ಕಾಗಿ ಕಂಪನಿಯನ್ನೂ ಕಟ್ಟಿದರು, ಆದರೆ ಎಡಿಟಿಂಗಿಗೆ ಅಲನ್ ರೆನೆ ಅವರನ್ನು ಕೂರಿಸಿದರು. ನಮ್ಮ ದೇಶದ್ದೇ ನೋಡಿ. ರಿಮಾ ದಾಸ್ ಅವರ 'ವಿಲೇಜ್ ರಾಕ್‌ಸ್ಟಾರ್ಸ್' ಅಂದರೆ ಒಬ್ಬಳೇ ಮಾಡಿದ ಸಿನಿಮಾ ಅಂತಲೇ ಎಲ್ಲರ ಬಾಯಲ್ಲಿ ಮಾತು. ಬರವಣಿಗೆ, ನಿರ್ದೇಶನ, ಕ್ಯಾಮೆರಾ, ಸಂಕಲನ, ನಿರ್ಮಾಣ ಎಲ್ಲಾ ಅವರದೇ, ನಿಜ. 65ನೇ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಅದು ಅತ್ಯುತ್ತಮ ಚಿತ್ರ ಆಯಿತು, ಸಂಕಲನದ ಪ್ರಶಸ್ತಿಯೂ ಅವರಿಗೇ ಬಂತು. ಆದರೆ ಲೊಕೇಶನ್ ಸೌಂಡಿನ ಪ್ರಶಸ್ತಿ ಯಾರಿಗೆ ಬಂತು ಗೊತ್ತಾ? ಮಲ್ಲಿಕಾ ದಾಸ್ ಅವರಿಗೆ. ಒಬ್ಬಳೇ ಮಾಡಿದ್ದು ಅನ್ನುವ ಆ ಚಿತ್ರದಲ್ಲೂ ಧ್ವನಿ ಹಿಡಿಯಲು ಇನ್ನೊಬ್ಬಳು ನಿಂತಿದ್ದಳು. ಇನ್ನೊಂದು ವಿಷಯ, ಆ ಚಿತ್ರ ಬಿಡಿಬಿಡಿಯಾಗಿ ವರ್ಷಗಟ್ಟಲೆ ಶೂಟ್ ಆಯಿತು. ನಿಮ್ಮ ಹಾಗೆ 22 ದಿನದಲ್ಲಿ ಮುಗಿಸಬೇಕಾಗಿರಲಿಲ್ಲ.

ಇಷ್ಟೊಂದು ಕೆಲಸ ಹೆಂಗಸರ ತಲೆ ಮೇಲೆ ಯಾಕೆ ಬಂದು ಬೀಳುತ್ತದೆ ಅನ್ನೋದನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನೀವು ಕಾಸ್ಟ್ಯೂಮ್ ಯಾಕೆ ಒಪ್ಪಿಕೊಂಡಿರಿ ಅನ್ನೋದರ ಉತ್ತರ ಅಲ್ಲಿದೆ. ದುಡ್ಡು ಕಡಿಮೆ ಅನ್ನೋದು ಗಂಡಸರಿಗೂ ಇದೆ. ಹೆಂಗಸಿಗೆ ಅದರ ಮೇಲೆ ಎರಡು ಸೇರಿಕೊಳ್ಳುತ್ತವೆ. ಕಾದು ಕೂತರೆ ಯಾರೂ ಅವಕಾಶ ಕೊಡುವುದಿಲ್ಲ, ಹಾಗಾಗಿ ತಾನೇ ಬರೆದು, ತಾನೇ ದುಡ್ಡು ಹುಡುಕಿ, ತಾನೇ ನಿರ್ದೇಶಿಸಬೇಕಾಗುತ್ತದೆ. ಇದು ಒಂದು, ಇದರಲ್ಲಿ ಒಂದು ಖುಷಿಯೂ ಇದೆ. ಎರಡನೆಯದು ಕೆಟ್ಟದ್ದು. ಕೆಲವು ಕೆಲಸ ಹೆಣ್ಣಿನ ಕೈಗೆ ಬಂದ ಕೂಡಲೇ ಅದು ಕೆಲಸ ಅಂತಲೇ ಅನ್ನಿಸಿಕೊಳ್ಳುವುದಿಲ್ಲ. ಹಾಲಿವುಡ್ಡಿನ ಆರಂಭದ ದಶಕಗಳಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುವವರಲ್ಲಿ ಹೆಂಗಸರು ಬಹಳ ಇದ್ದರು. ಅದನ್ನು ಹೊಲಿಗೆ, ಹೆಣಿಗೆಯ ಸಾಲಿಗೆ ಸೇರಿಸಿದ್ದರು. ಎಡಿಟಿಂಗಿಗೆ ಬೆಲೆ ಬರುತ್ತಾ ಬರುತ್ತಾ ಆ ಕುರ್ಚಿಗಳಲ್ಲಿ ಗಂಡಸರು ಜಾಸ್ತಿ ಆದರು.

ಈಗಿನ ಸಣ್ಣ ಸೆಟ್ಟಿನಲ್ಲಿ ಅದು ಹೇಗೆ ಕಾಣುತ್ತದೆ? ಮುನಿಸಿಕೊಂಡ ನಟನಿಗೆ ಸಮಾಧಾನ ಯಾರು ಹೇಳಬೇಕು? ನಿರ್ದೇಶಕಿ. ಮಕ್ಕಳ ಪಾತ್ರದವರಿಗೆ ಊಟ ಆಯ್ತಾ ಅಂತ ಯಾರು ವಿಚಾರಿಸಬೇಕು? ನಿರ್ದೇಶಕಿ. ಮನೆ ಬಾಡಿಗೆಗೆ ಕೊಟ್ಟವರು ಗೊಣಗಿದರೆ ಯಾರು ಹೋಗಿ ಮಾತಾಡಬೇಕು? ಅವಳೇ. ಇದೇ ಸೆಟ್ಟಿನಲ್ಲಿ ಗಂಡಸು ನಿರ್ದೇಶಕನಾಗಿದ್ದರೆ ಇವೆಲ್ಲಾ ತಾವಾಗಿಯೇ ಬೇರೆ ಯಾರದೋ ಪಾಲಿಗೆ ಹೋಗುತ್ತಿದ್ದವು, ನಾನು ಎರಡೂ ತರಹದ ಸೆಟ್ಟುಗಳಲ್ಲಿ ಇದ್ದವಳು. ನಿಮ್ಮ ಪಟ್ಟಿಯಲ್ಲಿ ಐದು ಕೆಲಸ ಇದೆ. ನಾನು ಓದಿದಾಗ ಆರು ಕಾಣಿಸಿತು. ಆ ಆರನೆಯದಕ್ಕೆ ಹೆಸರಿಲ್ಲ, ಟೈಟಲ್ ಕಾರ್ಡಿಲ್ಲ, ದುಡ್ಡಿಲ್ಲ. ನನ್ನ ಅನುಭವದಲ್ಲಿ ನಿರ್ದೇಶಕಿಯರನ್ನು ಸುಸ್ತು ಮಾಡಿ ಕೆಡವಿದ್ದು ಹೆಚ್ಚಾಗಿ ಇದೇ.

ಹಾಗಾದರೆ ಯಾವುದು ಇಟ್ಟುಕೊಳ್ಳಬೇಕು? ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಈ ಎರಡು ಕೆಲಸ ಒಂದರ ಹಿಂದೆ ಒಂದು ಬರುತ್ತವಾ, ಇಲ್ಲಾ ಒಂದೇ ಗಂಟೆಯಲ್ಲಿ ಬರುತ್ತವಾ? ಬರವಣಿಗೆ ಮುಗಿದ ಮೇಲೆ ನಿರ್ದೇಶನ, ನಿರ್ದೇಶನ ಮುಗಿದ ಮೇಲೆ ಎಡಿಟಿಂಗ್. ಇವು ಸಾಲಾಗಿ ಬರುತ್ತವೆ. ಸುಸ್ತಾಗುತ್ತದೆ, ಆದರೆ ನಡುವೆ ಉಸಿರು ತೆಗೆದುಕೊಳ್ಳಬಹುದು. ನಟನೆ ಮತ್ತು ನಿರ್ದೇಶನ ಒಂದೇ ನಿಮಿಷದಲ್ಲಿ ಡಿಕ್ಕಿ ಹೊಡೆಯುತ್ತವೆ. ಕಾಸ್ಟ್ಯೂಮ್ ಮತ್ತು ನಿರ್ದೇಶನ ಬೆಳಗಿನ ಮೊದಲ ಒಂದು ಗಂಟೆಯಲ್ಲಿ ಡಿಕ್ಕಿ ಹೊಡೆಯುತ್ತವೆ: ಕ್ಯಾಮೆರಾ ತಂಡ ಮೊದಲ ಶಾಟ್ ಯಾವುದು ಅಂತ ಕೇಳುತ್ತಿರುತ್ತದೆ, ಸೌಂಡಿನವರು ಫ್ಯಾನ್ ಆಫ್ ಮಾಡಬಹುದಾ ಅಂತ ಕೇಳುತ್ತಿರುತ್ತಾರೆ, ನೀವು ಕೋಣೆಯೊಳಗೆ ಸೂಜಿ ದಾರ ಹಿಡಿದು ಯಾರದೋ ಗುಂಡಿ ಹಾಕುತ್ತಿರುತ್ತೀರಿ, ಅದೂ ನಿಮ್ಮ ಮೇಕಪ್ ಅರ್ಧಕ್ಕೆ ನಿಂತಿರುವಾಗ.

ಆದ್ದರಿಂದ ಕಾಸ್ಟ್ಯೂಮ್ ಪೂರ್ತಿ ಬಿಡಿ ಅನ್ನುತ್ತಿಲ್ಲ, ಅದನ್ನು ಎರಡು ಭಾಗ ಮಾಡಿ. ಯಾವ ಪಾತ್ರಕ್ಕೆ ಯಾವ ಬಟ್ಟೆ, ಯಾವ ಬಣ್ಣ, ಎಷ್ಟು ಹಳತಾಗಿ ಕಾಣಬೇಕು, ಇದು ವಿನ್ಯಾಸ. ಶೂಟಿಂಗಿಗೆ ಒಂದು ತಿಂಗಳ ಮೊದಲೇ ನೀವು ಮುಗಿಸಬಹುದು, ಅದರ ಹೆಸರೂ ನಿಮ್ಮದೇ ಇರಲಿ. ಸೆಟ್ಟಿನಲ್ಲಿ ದಿನಾ ಅದನ್ನು ನಡೆಸುವುದು ಬೇರೆ ಕೆಲಸ. 14ನೇ ದೃಶ್ಯ ಮೂರನೇ ದಿನ ಶೂಟ್ ಆಗಿ, ಅದಕ್ಕೆ ಅಂಟಿಕೊಂಡ 15ನೇ ದೃಶ್ಯ 17ನೇ ದಿನ ಬಂದರೆ ತೋಳು ಎಷ್ಟು ಮಡಚಿತ್ತು, ಕಲೆ ಎಡಗಡೆಯೋ ಬಲಗಡೆಯೋ ಅಂತ ಫೋಟೋ ಇಟ್ಟುಕೊಂಡು ನೋಡುವವರು ಬೇಕು. ಅದಕ್ಕೆ ಒಬ್ಬರನ್ನು ಇಡಿ. ಕಂಟಿನ್ಯುಟಿಯನ್ನೂ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲಾ ಹೊಂದಿಕೆಯಾಗಿದೆಯಾ ಅನ್ನೋದನ್ನೂ, ಅವರೇ ನೋಡಿಕೊಳ್ಳಬಹುದು, ಸಣ್ಣ ಚಿತ್ರಗಳಲ್ಲಿ ಹಾಗೆ ಮಾಡುತ್ತಾರೆ.

ನಟನೆಯ ವಿಷಯಕ್ಕೆ ಬರೋಣ. ಇಲ್ಲೇ ನಿಮ್ಮ ದೊಡ್ಡ ನಿರ್ಧಾರ ಇರುವುದು. ಲೆಕ್ಕ ಹಾಕಿ ನೋಡಿ. ನೀವು ಫ್ರೇಮಿನಲ್ಲಿದ್ದ ಟೇಕ್ ಸರಿಯಾಯ್ತಾ ಅಂತ ಗೊತ್ತಾಗಬೇಕಾದರೆ ಮತ್ತೆ ಹಾಕಿ ನೋಡಬೇಕು. ಒಂದು ಟೇಕ್ ಮೂರು ನಿಮಿಷ, ದಿನಕ್ಕೆ 20 ಟೇಕ್ ಅಂದರೆ ನೋಡುವುದಕ್ಕೇ ಒಂದು ಗಂಟೆ. ಹನ್ನೊಂದು ದಿನಕ್ಕೆ ಹನ್ನೊಂದು ಗಂಟೆ. ಹತ್ತಿರ ಹತ್ತಿರ ಒಂದು ಪೂರ್ತಿ ದಿನದ ಶೂಟಿಂಗ್ ಹೋಯಿತು. ನಿಮ್ಮ 22 ದಿನದಲ್ಲಿ ಆ ದಿನ ಎಲ್ಲಿದೆ? ಇಲ್ಲದಿದ್ದರೆ ನೀವು ಮಾಡುವುದು ಒಂದೇ, ನಿಮ್ಮ ಟೇಕ್ ನೋಡದೆ ಮುಂದಕ್ಕೆ ಹೋಗುವುದು. ಎಲ್ಲರೂ ಹಾಗೇ ಮಾಡುತ್ತಾರೆ. ಅದು ಗೊತ್ತಾಗುವುದು ಎಡಿಟಿಂಗ್ ಕೋಣೆಯಲ್ಲಿ, ಆಗ ಏನೂ ಮಾಡಲು ಆಗುವುದಿಲ್ಲ.

ಅಕ್ಕನ ಪಾತ್ರ ನೀವೇ ಯಾಕೆ ಮಾಡಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಆ ಪಾತ್ರ ನಿಮ್ಮ ಮೈಯೊಳಗೇ ಇದೆ, ಬೇರೆಯವರು ಮಾಡಿದರೆ ಚಿತ್ರವೇ ಬದಲಾಗುತ್ತದೆ ಅನ್ನಿಸಿದರೆ ಮಾಡಿ. ಆ ಆಸೆಯಲ್ಲಿ ಏನೂ ತಪ್ಪಿಲ್ಲ. ಒಬ್ಬ ನಟಿಯ ಸಂಭಾವನೆ ಉಳಿಯುತ್ತದೆ ಅನ್ನೋದೇ ಕಾರಣವಾದರೆ ಬೇಡ. ಆ ಉಳಿತಾಯ ಮೇಲೆ ಹೇಳಿದ ಒಂದು ದಿನದ ಖರ್ಚಿನಲ್ಲಿ ಕರಗಿ ಹೋಗುತ್ತದೆ.

ಮಾಡುವುದಾದರೆ ಕೆಲವು ವ್ಯವಸ್ಥೆ ಬೇಕು. ನಿಮ್ಮ ಜಾಗದಲ್ಲಿ ನಿಲ್ಲಲು ನಿಮ್ಮಷ್ಟೇ ಎತ್ತರದ ಒಬ್ಬರು. ಅವರನ್ನು ನಿಲ್ಲಿಸಿ ಫ್ರೇಮ್, ಬೆಳಕು, ಓಡಾಟ ಎಲ್ಲಾ ಹೊರಗಿನಿಂದ ನೋಡಿ, ಒಪ್ಪಿಗೆ ಆದ ಮೇಲೆ ನೀವು ಒಳಗೆ ಹೋಗಿ. ಮಾನಿಟರ್ ಮುಂದೆ ಕೂರಲು ನೀವು ನಂಬುವ ಒಂದು ಕಣ್ಣು ಬೇಕು. ಅವರು ನಿಮಗೆ ಮಾತ್ರ ಹೇಳಬೇಕು, ಉಳಿದ ನಟರಿಗೆ ಒಂದು ಮಾತೂ ಹೇಳಬಾರದು. ಇಬ್ಬರು ನಿರ್ದೇಶಕರಿದ್ದಾರೆ ಅಂತ ನಟರಿಗೆ ಅನ್ನಿಸಿದ ದಿನ ಸೆಟ್ ನಿಮ್ಮ ಕೈ ತಪ್ಪುತ್ತದೆ. ಏನು ನೋಡಬೇಕು ಅಂತಲೂ ಮೊದಲೇ ಹೇಳಿಕೊಡಿ, "ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಲೇ ಉತ್ತರ ಬರುತ್ತದೆ. "ಈ ಸಾಲಿನಲ್ಲಿ ನಾನು ಅಳುವುದನ್ನು ತಡೆದುಕೊಂಡ ಹಾಗೆ ಕಂಡಿತಾ, ಇಲ್ಲಾ ಅತ್ತ ಹಾಗೆ ಕಂಡಿತಾ" ಅಂತ ಕೇಳಿದರೆ ಪ್ರಯೋಜನ ಇದೆ. ನಿಮ್ಮ ಭಾರೀ ದೃಶ್ಯಗಳನ್ನು ಮೊದಲ ಮೂರು ದಿನ ಇಡಬೇಡಿ. ತಂಡಕ್ಕೆ ತಂಡ ಇನ್ನೂ ಪರಿಚಯ ಆಗಿರುವುದಿಲ್ಲ, ಪ್ರತಿಯೊಂದಕ್ಕೂ ನಿಮ್ಮನ್ನೇ ಕರೆಯುತ್ತಿರುತ್ತಾರೆ.

ಎಷ್ಟೇ ಬಡತನ ಇದ್ದರೂ ನೀವು ಮೈಮೇಲೆ ಹಾಕಿಕೊಳ್ಳಬಾರದ ಎರಡು ಕೆಲಸ ಇವೆ. ಲೊಕೇಶನ್ ಸೌಂಡ್ ಮತ್ತು ಮೊದಲ ಸಹಾಯಕ ನಿರ್ದೇಶಕರ ಕೆಲಸ. ಸ್ವಲ್ಪ ಅಲುಗಾಡಿದ ಶಾಟ್ ಪ್ರೇಕ್ಷಕ ಕ್ಷಮಿಸುತ್ತಾನೆ, ಕೇಳದ ಮಾತನ್ನು ಕ್ಷಮಿಸುವುದಿಲ್ಲ. ಆಮೇಲೆ ಡಬ್ಬಿಂಗ್ ಮಾಡಿದರಾಯಿತು ಅನ್ನುವವರು ಸ್ಟುಡಿಯೋ ಬಾಡಿಗೆ, ನಟರ ಡೇಟು, ನಿಮ್ಮ ದಿನಗಳು ಎಲ್ಲಾ ಕೂಡಿಸಿ ನೋಡಿರುವುದಿಲ್ಲ. ಸಹಾಯಕ ನಿರ್ದೇಶಕರದು ಇನ್ನೂ ಮುಖ್ಯ. ಇನ್ನು ಹದಿನೈದು ನಿಮಿಷ ಇದೆ ಅಂತ ಗಡಿಯಾರ ನೋಡುವ ತಲೆಯೂ, ಈ ನೋಟ ಇನ್ನೂ ಸರಿ ಬಂದಿಲ್ಲ ಅಂತ ಹಟ ಹಿಡಿಯುವ ತಲೆಯೂ ಒಂದೇ ಆಗಬಾರದು. ನೀವು ಎಂಟು ವರ್ಷದಲ್ಲಿ ಸ್ವಲ್ಪ ಕಾಲ ಆ ಕೆಲಸ ಮಾಡಿದವರು, ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಅದನ್ನು ಕೈಗೆತ್ತಿಕೊಂಡುಬಿಡುತ್ತೀರಿ ಅನ್ನೋದು ನನ್ನ ಭಯ. ನಾನು ಹೇಳಿದ ಆ ಹೆಸರಿಲ್ಲದ ಆರನೇ ಕೆಲಸ ಕೂಡ ಒಬ್ಬ ಒಳ್ಳೆಯ ಪ್ರೊಡಕ್ಷನ್ ಮ್ಯಾನೇಜರ್ ಮತ್ತು ಈ ಸಹಾಯಕರ ನಡುವೆ ಹಂಚಿಹೋಗಬೇಕು. ಮೊದಲ ದಿನವೇ ತಂಡದ ಎದುರು ಹೇಳಿ: ಊಟ, ಗಾಡಿ, ಮನೆಯವರ ತಕರಾರು, ಯಾವುದೂ ನನ್ನ ಹತ್ತಿರ ಬರಬಾರದು, ಇವರ ಹತ್ತಿರ ಹೋಗಬೇಕು. ಹೇಳುವಾಗ ನಿಮಗೇ ಮುಜುಗರ ಆಗಬಹುದು. ಪರವಾಗಿಲ್ಲ, ಹೇಳಿ.

ಕ್ಯಾಮೆರಾಮನ್ ಸೆಟ್ ಹಿಡಿತದಲ್ಲಿ ಇಡುತ್ತಾನೆ ಅನ್ನುವ ಸಲಹೆಗೆ ಜಾಸ್ತಿ ಬರೆಯುವುದಿಲ್ಲ. ಕ್ಯಾಮೆರಾ ಹಿಡಿಯುವವರನ್ನು ಕೆಲಸ ನೋಡಿ ಆರಿಸಿ. ಒಂದು ದಿನ ಇಬ್ಬರೂ ಸೇರಿ ಒಂದು ದೃಶ್ಯ ಟೆಸ್ಟ್ ಶೂಟ್ ಮಾಡಿ. ನೀವು ಬೇಡ ಅಂದ ಶಾಟನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೆ, ತಂಡ ಪ್ರಶ್ನೆ ಕೇಳಿದಾಗ ನಿಮ್ಮ ಕಡೆ ತಿರುಗುತ್ತಾರಾ ಅಥವಾ ತಾವೇ ಉತ್ತರ ಕೊಡುತ್ತಾರಾ ಅಂತ ನೋಡಿ. ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಎಡಿಟಿಂಗ್ ಬಿಡಿ ಅಂತ ನಾನು ಹೇಳುವುದಿಲ್ಲ. ಅದು ನಿಮ್ಮ ಕಸುಬು. ಆದರೆ ಬೇರೆಯವರ ಚಿತ್ರ ಎಡಿಟ್ ಮಾಡುವಾಗ ನಿಮ್ಮ ಹತ್ತಿರ ಒಂದು ದೊಡ್ಡ ಆಸ್ತಿ ಇತ್ತು. ಆ ಶಾಟ್ ತೆಗೆಯಲು ಎಷ್ಟು ಕಷ್ಟ ಆಯಿತು ಅಂತ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಿರುತ್ತದೆ. ಮಳೆಯಲ್ಲಿ ನಾಲ್ಕು ಗಂಟೆ ನಿಂತು ತೆಗೆದ ಶಾಟ್ ಅಂದರೆ ಅದು ಚಿತ್ರಕ್ಕೆ ಬೇಡವಾಗಿದ್ದರೂ ಕತ್ತರಿಸಲು ಕೈ ಬರುವುದಿಲ್ಲ. ಅದರ ಮೇಲೆ ನಿಮ್ಮದೇ ಮುಖ. ನಾನು ಎಡಿಟ್ ಮಾಡಿಕೊಟ್ಟ ಎರಡು ಚಿತ್ರಗಳಲ್ಲಿ ನಿರ್ದೇಶಕಿಯೇ ನಟಿ. ಇಬ್ಬರೂ ತಮ್ಮ ಕ್ಲೋಸಪ್ಪುಗಳನ್ನು ನಾಚಿಕೆಯಿಂದ ಕಿತ್ತು ಹಾಕುತ್ತಾ ಹೋದರು, ದೃಶ್ಯದ ನಡು ಮುರಿಯುವವರೆಗೂ. ಬೇರೆ ನಟಿಯಾಗಿದ್ದರೆ ಇಟ್ಟುಕೊಳ್ಳುತ್ತಿದ್ದರು.

ಹಾಗಾಗಿ ಇದನ್ನೂ ಕಾಸ್ಟ್ಯೂಮಿನ ಹಾಗೆ ಒಡೆಯಿರಿ. ಶೂಟಿಂಗ್ ನಡೆಯುತ್ತಿರುವಾಗಲೇ ಒಬ್ಬ ಸಹಾಯಕ ಎಡಿಟರ್ ದಿನದಿನದ ರಶಸ್, ಅಂದರೆ ಆವತ್ತು ತೆಗೆದ ಕಚ್ಚಾ ಫೂಟೇಜನ್ನು, ಧ್ವನಿಯ ಜೊತೆ ಸಿಂಕ್ ಮಾಡಿ, ಚಿತ್ರಕಥೆಯ ಕ್ರಮದಲ್ಲಿ ಜೋಡಿಸುತ್ತಾ ಹೋಗಲಿ. ದಿನಕ್ಕೆ ಎರಡು ಗಂಟೆ ಫೂಟೇಜ್ ಅಂದರೂ 22 ದಿನಕ್ಕೆ 44 ಗಂಟೆ. ದಿನಕ್ಕೆ ಆರು ಗಂಟೆ ಕೂತು ಒಂದೇ ಒಂದು ಸಲ ನೋಡಲು ಎಂಟು ದಿನ ಬೇಕು. ಆ ಮೊದಲ ಜೋಡಣೆ ಸಿದ್ಧ ಇದ್ದರೆ ನಿಮಗೆ ಎಷ್ಟು ಭಾರ ಇಳಿಯುತ್ತದೆ ಅಲ್ವಾ. ಅಕ್ಕನ ದೃಶ್ಯಗಳಲ್ಲಿ ಯಾವ ಟೇಕ್ ಅನ್ನೋದನ್ನು ಅವರು ಮೊದಲು ಆರಿಸಲಿ, ನೀವು ಬದಲಿಸುವುದಾದರೆ ಯಾಕೆ ಅಂತ ಬಾಯಿಬಿಟ್ಟು ಹೇಳಿ ಬದಲಿಸಿ. ಶೂಟಿಂಗ್ ಮುಗಿದ ಮೇಲೆ ಮೂರು ವಾರ ಆ ಹಾರ್ಡ್ ಡಿಸ್ಕ್ ಮುಟ್ಟಬೇಡಿ. ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ರೂಪ, ಆದ ಮೇಲೆ ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ ಐದಾರು ಜನಕ್ಕೆ ತೋರಿಸಿ, ಏನು ಮಾಡಬೇಕು ಅಂತ ಕೇಳಬೇಡಿ, ಎಲ್ಲಿ ಬೇಜಾರಾಯಿತು, ಎಲ್ಲಿ ಅರ್ಥ ಆಗಲಿಲ್ಲ ಅಷ್ಟೇ ಕೇಳಿ. ಆಮೇಲೆ ನೀವು ಗೌರವಿಸುವ ಒಬ್ಬ ಎಡಿಟರಿಗೆ ಒಂದು ವಾರದ ಸಂಬಳ ಕೊಟ್ಟು ಕೂರಿಸಿ. ಇದಕ್ಕೆ ಬಜೆಟ್ಟಿನಲ್ಲಿ ಈಗಲೇ ಸಾಲು ಬರೆಯಿರಿ, ಕೊನೆಗೆ ದುಡ್ಡು ಉಳಿದರೆ ನೋಡೋಣ ಅಂದರೆ ಉಳಿಯುವುದಿಲ್ಲ.

ಅಂದರೆ ನಿಮ್ಮ ಮುಂದೆ ಮೂರು ದಾರಿ ಇದೆ. ನಟನೆ ಇಟ್ಟುಕೊಂಡು ಎಡಿಟಿಂಗನ್ನು ಬೇರೆಯವರಿಗೆ ಕೊಡುವುದು ಒಂದು. ಇದರಲ್ಲಿ ಚಿತ್ರಕ್ಕೆ ಹೊಸ ಕಣ್ಣು ಸಿಗುತ್ತದೆ, ಆದರೆ ನಿಮ್ಮ ಎಡಿಟಿಂಗ್ ಹೆಸರು ಈ ಚಿತ್ರದಲ್ಲಿ ಹೋಗುತ್ತದೆ, ಒಳ್ಳೆಯ ಎಡಿಟರಿಗೆ ದುಡ್ಡೂ ಬೇಕು. ನಟನೆ ಬಿಟ್ಟು ಎಡಿಟಿಂಗ್ ಇಟ್ಟುಕೊಳ್ಳುವುದು ಇನ್ನೊಂದು. ಶೂಟಿಂಗ್ ಹಗುರ ಆಗುತ್ತದೆ, ಆದರೆ ಸರಿಯಾದ ನಟಿ ಸಿಗದಿದ್ದರೆ ಚಿತ್ರದ ಜೀವವೇ ಹೋಗಬಹುದು. ಎರಡನ್ನೂ ಇಟ್ಟುಕೊಂಡು ಶೂಟಿಂಗನ್ನು ಎರಡು ಕಂತು ಮಾಡುವುದು ಮೂರನೆಯದು: ನೀವಿಲ್ಲದ 11 ದಿನ ಮೊದಲು, ಮೂರು ವಾರ ಬಿಡುವು, ಆಮೇಲೆ ನೀವಿರುವ ದಿನಗಳು, ಒಂದು ದಿನ ಜಾಸ್ತಿ ಸೇರಿಸಿ 12. ಇಲ್ಲಿ ಅಪಾಯ ಏನೆಂದರೆ ನಡುವಿನ ಬಿಡುವಿನಲ್ಲಿ ಯಾರೋ ಬೇರೆ ಕೆಲಸ ಹಿಡಿಯುತ್ತಾರೆ, ಯಾರೋ ಕೂದಲು ಕತ್ತರಿಸಿಕೊಳ್ಳುತ್ತಾರೆ, ಕ್ಯಾಮೆರಾ ಬಾಡಿಗೆ ಎರಡು ಸಲ ಮಾತಾಡಬೇಕು. ಆದರೂ ನಿಮ್ಮ ಪತ್ರ ಓದಿದ ಮೇಲೆ ನಾನು ಇದನ್ನೇ ಹೇಳುತ್ತೇನೆ. ಮೊದಲ ಕಂತಿನಲ್ಲಿ ನಿರ್ದೇಶಕಿಯಾಗಿ ಸೆಟ್ ನಿಮ್ಮದಾಗುತ್ತದೆ, ಬಿಡುವಿನಲ್ಲಿ ತೆಗೆದದ್ದನ್ನು ನೋಡಬಹುದು, ತಂಡ ನಿಮ್ಮ ಭಾಷೆ ಕಲಿತ ಮೇಲೆ ನೀವು ಕ್ಯಾಮೆರಾ ಮುಂದೆ ಹೋಗುತ್ತೀರಿ. ಎರಡನೇ ಕಂತಿಗೆ ಬೇಕಾದ ದುಡ್ಡು ಮೊದಲ ಕಂತು ಶುರುವಾಗುವ ಮೊದಲೇ ಬ್ಯಾಂಕಿನಲ್ಲಿ ಇರಬೇಕು. ಇಲ್ಲದಿದ್ದರೆ ಈ ದಾರಿ ಹಿಡಿಯಲೇಬೇಡಿ, ಅರ್ಧಕ್ಕೆ ನಿಂತ ಚಿತ್ರಗಳು ಬಹುಪಾಲು ಇಲ್ಲೇ ನಿಂತಿರುವುದು.

ಈಗ ಹೆಸರಿನ ಮಾತು. ಎಡಿಟಿಂಗಿಗೆ ಬೇರೆ ಹೆಸರು ಇಡುವ ಸಲಹೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಮೆರಿಕದ ನಿರ್ದೇಶಕರಾದ ಕೋಯೆನ್ ಸಹೋದರರು ತಮ್ಮ ಎಡಿಟಿಂಗಿಗೆ ರೊಡೆರಿಕ್ ಜೇನ್ಸ್ ಅನ್ನುವ ಇಲ್ಲದ ಮನುಷ್ಯನ ಹೆಸರು ಹಾಕುತ್ತಿದ್ದರು. ಅಲ್ಲಿಯದೇ ಇನ್ನೊಬ್ಬ ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಕ್ಯಾಮೆರಾಗೆ ಪೀಟರ್ ಆಂಡ್ರ್ಯೂಸ್, ಎಡಿಟಿಂಗಿಗೆ ಮೇರಿ ಆನ್ ಬರ್ನಾರ್ಡ್ ಅಂತ ಹಾಕುತ್ತಾರೆ. ಅವರು ಯಾರು ಅಂತ ಇಡೀ ಲೋಕಕ್ಕೆ ಗೊತ್ತು, ಹಾಗಾಗಿ ಹೆಸರು ಬಿಟ್ಟುಕೊಟ್ಟರೂ ಅವರು ಏನೂ ಕಳೆದುಕೊಳ್ಳುವುದಿಲ್ಲ. ನೀವು ಕಳೆದುಕೊಳ್ಳುತ್ತೀರಿ. ಪರದೆ ಮೇಲಿನ ಪ್ರತಿ ಸಾಲು ನಿಮ್ಮ ಮುಂದಿನ ಕೆಲಸಕ್ಕೆ ಸಾಕ್ಷಿ. ಆಲಿಸ್ ಗೀ ಅವರ ಕಥೆಯ ಉಳಿದ ಭಾಗ ಕೇಳಿ: ಅವರ ಚಿತ್ರಗಳನ್ನು ಆಮೇಲಿನ ಚರಿತ್ರೆಕಾರರು ಬೇರೆಯವರ ಹೆಸರಿಗೆ ಬರೆದರು, ಕೆಲವನ್ನು ಬಿಟ್ಟೇಬಿಟ್ಟರು. ಮುದಿ ವಯಸ್ಸಿನಲ್ಲಿ ಅವರು ತಾವು ಮಾಡಿದ ಚಿತ್ರಗಳ ಪಟ್ಟಿ ತಾವೇ ಕೂತು ಸರಿ ಮಾಡಬೇಕಾಯಿತು. ಐದು ಕಡೆ ಹೆಸರು ಬಂದರೆ ಕಣ್ಣಿಗೆ ಹೊಡೆಯುತ್ತದೆ ಅಂತ ಅನ್ನಿಸಿದರೆ ಉಪಾಯ ಸುಲಭ ಇದೆ. ಒಂದೇ ಕಾರ್ಡಿನಲ್ಲಿ "ಬರವಣಿಗೆ, ಸಂಕಲನ, ನಿರ್ದೇಶನ" ಅಂತ ಒಟ್ಟಿಗೆ ಹಾಕಿ. ನಟಿಯ ಹೆಸರು ಉಳಿದ ನಟರ ಸಾಲಿನಲ್ಲಿ, ವಸ್ತ್ರವಿನ್ಯಾಸ ಕೊನೆಯ ಪಟ್ಟಿಯಲ್ಲಿ.

ಕಾಗದದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಗೆಳತಿ ಅಂತ ಕಾಗದ ಬೇಡ ಅನ್ನಬೇಡಿ, ಗೆಳತಿ ಆಗಿರುವುದಕ್ಕೇ ಬೇಕು. ನಾಳೆ ಚಿತ್ರವನ್ನು ಯಾರಾದರೂ ಕೊಳ್ಳಲು ಬಂದರೆ ಅವರು ಮೊದಲು ಕೇಳುವುದೇ ಚಿತ್ರಕಥೆಯ ಹಕ್ಕು ಯಾರದು, ಅದು ನಿರ್ಮಾಪಕರಿಗೆ ಹೇಗೆ ಬಂತು, ಪತ್ರ ತೋರಿಸಿ ಅಂತ. ಆ ಪತ್ರ ಇಲ್ಲದಿದ್ದರೆ ತೊಂದರೆ ನಿಮ್ಮ ಗೆಳತಿಗೂ ಇದೆ. ಅದರಲ್ಲಿ ಪ್ರತಿ ಕೆಲಸವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ: ಪರದೆ ಮೇಲೆ ಯಾವ ಪದ ಬರುತ್ತದೆ, ಎಲ್ಲಿ ಬರುತ್ತದೆ, ಪೋಸ್ಟರಿನಲ್ಲಿ ಬರುತ್ತದಾ, ಸಂಭಾವನೆ ಎಷ್ಟು. ಈಗ ಕೊಡಲು ಆಗದಿದ್ದರೂ ಮೊತ್ತ ಬರೆಯಲೇಬೇಕು, ಎಷ್ಟು ಮುಂದಕ್ಕೆ ಹೋಯಿತು ಅಂತ ಬರೆಯಬೇಕು, ಯಾವ ದುಡ್ಡು ಬಂದಾಗ ಎಷ್ಟನೆಯದಾಗಿ ಕೊಡುತ್ತಾರೆ ಅಂತ ಬರೆಯಬೇಕು. "ನಿವ್ವಳ ಲಾಭದಲ್ಲಿ ಪಾಲು" ಅಂತ ಮಾತ್ರ ಇದ್ದರೆ ಎಲ್ಲಾ ಖರ್ಚು ಕಳೆದ ಮೇಲೆ ಉಳಿದದ್ದರಲ್ಲಿ ಅಂತ ಅರ್ಥ, ಸಣ್ಣ ಚಿತ್ರಗಳಲ್ಲಿ ಬಹಳ ಸಲ ಏನೂ ಉಳಿಯುವುದಿಲ್ಲ. ಫೈನಲ್ ಕಟ್, ಅಂದರೆ ಚಿತ್ರದ ಕೊನೆಯ ರೂಪ ತೀರ್ಮಾನಿಸುವ ಹಕ್ಕು, ಯಾರದು, ಚಿತ್ರ ನಿಂತುಹೋದರೆ ಚಿತ್ರಕಥೆ ಯಾರಿಗೆ ವಾಪಸ್, ಅದೂ ಇರಲಿ. ಬೇರೆ ಬೇರೆ ಕಡೆ ಕಾನೂನು ಬೇರೆ ಇರುತ್ತದೆ, ಸಿನಿಮಾ ಒಪ್ಪಂದ ನೋಡಿ ಗೊತ್ತಿರುವ ವಕೀಲರಿಗೆ ಒಂದು ಸಲ ತೋರಿಸಿ. ಐದು ಕೆಲಸಕ್ಕೂ ಬಜೆಟ್ಟಿನಲ್ಲಿ ಸಾಲು ಇಲ್ಲದಿದ್ದರೆ ಇನ್ನೊಂದು ನಷ್ಟ ಇದೆ. ಈ ಚಿತ್ರ ಇಷ್ಟು ಕಡಿಮೆ ದುಡ್ಡಿನಲ್ಲಿ ಆಯಿತು ಅಂತ ಎಲ್ಲರೂ ನಂಬುತ್ತಾರೆ, ಮುಂದಿನ ಚಿತ್ರಕ್ಕೂ ನಿಮಗೆ ಅಷ್ಟೇ ದುಡ್ಡು ಕೊಡುತ್ತಾರೆ.

ಕೊನೆಗೆ ಆ "ಸಹಾಯ" ಅನ್ನುವ ಸಾಲು. ಅದನ್ನು ಓದಿ ನನಗೂ ಹೊಟ್ಟೆ ಉರಿಯಿತು. ಸಂಭಾಷಣೆ ಬರೆದು, ಪೂರ್ತಿ ಚಿತ್ರ ಎಡಿಟ್ ಮಾಡಿದವಳು ಸಹಾಯ ಮಾಡಿದವಳಲ್ಲ. ಎರಡು ವರ್ಷ ಆದರೂ ಕೇಳಬಹುದು. ಮೊದಲು ಸಾಕ್ಷಿ ಒಟ್ಟು ಮಾಡಿ: ಎಡಿಟಿಂಗ್ ಪ್ರಾಜೆಕ್ಟ್ ಫೈಲುಗಳು, ಅವುಗಳ ತಾರೀಖು, ಸಂಭಾಷಣೆಯ ಕರಡುಗಳು, ನೀವು ಕಳಿಸಿದ ಈಮೇಲ್, ಅವರು "ಈ ಕಟ್ ಚೆನ್ನಾಗಿದೆ" ಅಂತ ಕಳಿಸಿದ ಮೆಸೇಜ್. ಆಮೇಲೆ ನಿರ್ಮಾಪಕರಿಗೆ ಸಿಟ್ಟಿಲ್ಲದ ಒಂದು ಪತ್ರ ಬರೆಯಿರಿ. ಏನು ಬೇಕು ಅಂತ ಸ್ಪಷ್ಟ ಇರಲಿ: ಇಂಟರ್ನೆಟ್ಟಿನಲ್ಲಿರುವ ಚಿತ್ರದ ಮಾಹಿತಿಯಲ್ಲಿ ಸಂಕಲನ ಮತ್ತು ಸಂಭಾಷಣೆಗೆ ನನ್ನ ಹೆಸರು ಸೇರಿಸಿ, ಮುಂದೆ ಹೊಸ ಕಾಪಿ ತಯಾರಾದಾಗ ಟೈಟಲ್ ಸರಿ ಮಾಡಿ. ಡಿಜಿಟಲ್ ಕಾಪಿಯಲ್ಲಿ ಒಂದು ಕಾರ್ಡ್ ಬದಲಿಸುವುದು ಮೊದಲಿನಷ್ಟು ದೊಡ್ಡ ಕೆಲಸ ಅಲ್ಲ. ಒಪ್ಪದಿದ್ದರೆ ಮುಂದಿನ ಹೆಜ್ಜೆ ವಕೀಲರ ಜೊತೆ, ಅಥವಾ ನೀವು ಸದಸ್ಯೆಯಾಗಿರುವ ಸಂಘ ಇದ್ದರೆ ಅವರ ಜೊತೆ. ಎಲ್ಲರ ಎದುರು ಬರೆದು ಹಾಕುವ ಮೊದಲು ಈ ಪತ್ರ ಹೋಗಿರಲಿ, ಆಗ ನಿಮ್ಮ ಮಾತಿಗೆ ತೂಕ ಇರುತ್ತದೆ. ಪತ್ರ ಬರೆಯುವ ಮೊದಲೇ ಆ ಫೈಲುಗಳ ಮೂರು ಕಾಪಿ ಮಾಡಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಒಂದು ನಿಮ್ಮ ಮನೆಯ ಹೊರಗೆ. ಇವತ್ತು ರಾತ್ರಿಯೇ ಮಾಡಿ, ಎರಡು ವರ್ಷದ ಹಳೆಯ ಹಾರ್ಡ್ ಡಿಸ್ಕ್ ಯಾವಾಗ ಕೈಕೊಡುತ್ತದೆ ಅಂತ ಹೇಳಲು ಬರುವುದಿಲ್ಲ.